ಸಾಕ್ಷಿ ಹೇಳೆಂದು ನಿಲ್ಲಿಸಿದರು

ನನ್ನ ಎಡ ಎದೆಯಲ್ಲಿ ಗಂಟು ಕೈಗೆ ತಗುಲಿದಾಗ ಕಮಲಾಪುರದಿಂದ ಕಲಬುರಗಿಗೆ ಹೋಗುವ ದಾರಿಯೇ ಬಂದ್ ಆಗಿತ್ತು. ನಿಜಾಮನ ಕಡೆಯ ರಜಾಕಾರರ ಗಲಾಟೆಯ ದಿನಗಳು. ಮೋಟಾರು ಬರುತ್ತಿರಲಿಲ್ಲ, ಹೆಂಗಸರು ಊರ ಹೊರಗಿನ ಬಾವಿಗೂ ಹೋಗುತ್ತಿರಲಿಲ್ಲ. ನನ್ನ ಗಂಡ ಕಮಲಾಪುರದ ಸಣ್ಣ ಕ್ರೈಸ್ತ ಸಭೆಗೆ ಉಪದೇಶಿ. ಭಾನುವಾರ ಪ್ರಾರ್ಥನೆ ನಡೆಸುವುದು, ಕಾಯಿಲೆ ಬಿದ್ದವರನ್ನು ನೋಡಿ ಬರುವುದು ಅವರ ಕೆಲಸ. ನಾನು ಮಿಷನ್ ಶಾಲೆಯಲ್ಲಿ ಸಣ್ಣ ಹುಡುಗಿಯರಿಗೆ ಅಕ್ಷರ ಕಲಿಸುತ್ತಿದ್ದೆ. ನಮಗೆ ಮಕ್ಕಳಾಗಿರಲಿಲ್ಲ.

ಗಂಟಿನ ವಿಷಯ ಹೇಳಿದಾಗ ಅವರು ಅಲ್ಲೇ ಒಲೆಯ ಮುಂದೆ ಮೊಣಕಾಲೂರಿದರು. ನಾನೂ ಊರಿದೆ. ಪ್ರಾರ್ಥನೆ ಮುಗಿಸಿ ಎದ್ದು, "ದಾರಿ ತೆರದ ಕೂಡ್ಲೇ ದವಾಖಾನಿಗಿ ಹೋಗಮು" ಅಂದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮಗೆ ವಿಶ್ವಾಸವಿರಲಿಲ್ಲ ಎಂದು ಮುಂದೆ ಹೇಳಿಕೊಂಡು ತಿರುಗಿದವರು ಯಾರೂ ಆ ಒಲೆಯ ಮುಂದೆ ಇರಲಿಲ್ಲ.

ಪೊಲೀಸ್ ಆಕ್ಷನ್ ಆಗಿ, ಮಿಲಿಟರಿ ಬಂದು, ಮೋಟಾರು ಮತ್ತೆ ಓಡಾಡುವ ಹೊತ್ತಿಗೆ ಗಂಟು ಲಿಂಬೆಹಣ್ಣಿನಷ್ಟಾಗಿತ್ತು. ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಪರೀಕ್ಷಿಸಿ, ಕೈ ತೊಳೆದುಕೊಂಡು, ನನ್ನ ಗಂಡನ ಕಡೆ ತಿರುಗಿ ಮಾತಾಡತೊಡಗಿದರು. ಗಂಟು ನನ್ನದು, ನೋವು ನನ್ನದು, ಮಾತು ಮಾತ್ರ ಅವರಿಬ್ಬರದು.

"ಇದು ಖರಾಬ್ ಗಂಟ ಅದ. ಕೊಯ್ದು ತೆಗೀಬೇಕು. ಮನಿಯವರಿಗಿ ಈಗೇ ಏನೂ ಹೇಳಬ್ಯಾಡ್ರಿ, ಅಂಜತಾರ."

"ಹೇಳಬ್ಯಾಡ ಅಂದ್ರ ಹ್ಯಾಂಗ್ರಿ ಸಾಹೇಬ್ರ? ಇಲ್ಲೇ ಕುಂತಾಳ. ಎಲ್ಲಾ ಕೇಳ್ಯಾಳ. ಅಕೀಗೇ ಹೇಳ್ರಿ" ಅಂದರು ನನ್ನ ಗಂಡ.

ಡಾಕ್ಟರು ಆಗ ಮೊದಲ ಸಲ ನನ್ನ ಮುಖ ನೋಡಿದರು. "ಏನ್ ತೆಗೀತೀರಿ? ಗಂಟಷ್ಟೇನೋ, ಎದೀನೋ?" ಎಂದು ಕೇಳಿದೆ.

"ಎದೀನೇ ತೆಗೀಬೇಕಾಗ್ತದವ್ವ. ಆಮ್ಯಾಲ ಹೈದರಾಬಾದಿಗಿ ಹೋಗಿ ಎಕ್ಸರೇ ಕಿರಣದ ಕರೆಂಟ್ ಕೊಡಸ್ಕೋಬೇಕು."

"ಬದುಕತೀನೇನ್ರಿ?"

"ಖಾತ್ರಿ ಹೇಳಾಕ ಬರಂಗಿಲ್ಲ."

ಸುಳ್ಳು ಹೇಳಲಿಲ್ಲವಲ್ಲ ಎಂದು ಆ ಮನುಷ್ಯನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಊರಿಗೆ ಹೊರಡುವ ಮುಂಚೆ ಕಲಬುರಗಿಯ ಚರ್ಚಿಗೆ ಹೋಗಿ ಸ್ವಲ್ಪ ಹೊತ್ತು ಕೂತೆವು. ಸಭೆಯ ಹಿರಿಯರೊಬ್ಬರು ಅಲ್ಲಿಗೆ ಬಂದರು. ಸರಕಾರಿ ಕಚೇರಿಯಲ್ಲಿ ದೊಡ್ಡ ಕುರ್ಚಿ, ಕರಿ ಕೋಟು, ಚಿನ್ನದ ಕಟ್ಟಿನ ಚಸ್ಮಾ. ಉಪದೇಶಿಗಳನ್ನು ಇಡುವುದು, ತೆಗೆಯುವುದು ಅವರ ಮಾತಿನ ಮೇಲೆಯೇ ನಡೆಯುತ್ತಿತ್ತು. ನನ್ನ ಗಂಡ ಎಲ್ಲವನ್ನೂ ಹೇಳಿ, "ನೀವೂ ಪ್ರಾರ್ಥನಾ ಮಾಡ್ರಿ" ಎಂದು ಕೇಳಿಕೊಂಡರು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಚಾಕು ಹಾಕಿಸ್ಕೊಂಡ್ರ ಪ್ರಭುವಿನ ಮ್ಯಾಲ ಭರವಸಾ ಇಲ್ಲ ಅಂದಂಗ ಆಯ್ತು. ನಾ ಪ್ರಾರ್ಥನಾ ಮಾಡಿದ ಎಣ್ಣಿ ಕೊಡ್ತೀನಿ, ಹಚ್ಚಕೋ. ಆದ್ರ ಮೊದಲ ಮನಸ್ಸು ತೊಳಕೋಬೇಕು. ಮಕ್ಕಳೂ ಇಲ್ಲ, ಈಗ ಇದು ಬಂದದ. ಎಲ್ಲೋ ಏನೋ ಮುಚ್ಚಿಟ್ಟೀ ತಂಗಿ. ಒಪ್ಪಿಕೋ."

ನನ್ನ ಮೈಯೆಲ್ಲ ಉರಿಯಿತು. ನನ್ನ ಹೊಟ್ಟೆಯಲ್ಲಿ ಉಳಿಯದೇ ಹೋದ ಕೂಸುಗಳನ್ನೂ ಈ ಮನುಷ್ಯ ಲೆಕ್ಕಕ್ಕೆ ಹಿಡಿದಿದ್ದ. "ಎಣ್ಣೀಲೆ ಎಲ್ಲಾ ವಾಸಿ ಆಗ್ತದಂದ್ರ ಆ ಚಸ್ಮಾ ಯಾಕ್ರಿ ಹಾಕ್ಕೊಂಡೀರಿ?" ಎಂದೆ. ನನ್ನ ಗಂಡ ಸೆರಗು ಜಗ್ಗಿದರು. ಅವರು ಕೋಟಿನ ಜೇಬಿನಿಂದ ತೆಗೆದಿಟ್ಟ ಎಣ್ಣೆಯ ಶೀಶೆ ಅಲ್ಲೇ ಬೆಂಚಿನ ಮೇಲೆ ಉಳಿಯಿತು.

ನಮ್ಮ ಮನೆಯ ಪಕ್ಕದಲ್ಲಿ ಒಬ್ಬ ಮುಸಲ್ಮಾನ ಮುದುಕಿ ಇದ್ದಳು. ಆಕ್ಷನ್ ಆದಮೇಲಿನ ಗದ್ದಲದಲ್ಲಿ ಅವಳ ಮಗ ಹೋದವನು ತಿರುಗಿ ಬಂದಿರಲಿಲ್ಲ. ಯಾವ ಪಾಪಕ್ಕೆ ಇದು ಎಂದು ಅವಳು ಯಾರನ್ನೂ ಕೇಳಿರಲಿಲ್ಲ, ನನ್ನನ್ನೂ ಕೇಳಲಿಲ್ಲ. "ಹೋಗಿ ಬಾ ಬೇಟಿ, ನಿನ್ನ ಕೋಳಿ ನಾ ನೋಡ್ಕೋತೀನಿ" ಎಂದಳು. ಅಷ್ಟೇ.

ಆಪರೇಷನ್ ಆಯಿತು. ಎಚ್ಚರವಾದಾಗ ಎದೆಯ ಮೇಲೆ ಕಲ್ಲು ಹೇರಿದಂತಿತ್ತು. ಆಮೇಲೆ ರೈಲಿನಲ್ಲಿ ಹೈದರಾಬಾದು. ಅಲ್ಲಿ ಕರೆಂಟು ಕೊಟ್ಟು ಕೊಟ್ಟು ಚರ್ಮ ಹೊತ್ತಿದ ರೊಟ್ಟಿಯಂತೆ ಕಪ್ಪಾಯಿತು. ಕಮಲಾಪುರಕ್ಕೆ ಮರಳಿದ ಮೇಲೆ ನನ್ನ ಕೈ ಮೇಲೇಳುತ್ತಿರಲಿಲ್ಲ. ಗಾಯ ತೊಳೆದವರು, ಬಟ್ಟೆ ಬದಲಿಸಿದವರು, ಹೆರಳು ಹಾಕಿದವರು ನನ್ನ ಗಂಡ. ಹೆರಳು ಹಾಕಲು ಅವರಿಗೆ ಕೊನೆಗೂ ಬರಲಿಲ್ಲ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಗಾಯ ತೊಳೆಯುವಾಗ ಮಾತ್ರ ಅವರ ಕೈ ಬಹಳ ಹಗುರ.

ಆ ದಿನಗಳಲ್ಲಿ ನನಗೆ ಪ್ರಾರ್ಥನೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಜಗಳವೇ ಬರುತ್ತಿತ್ತು. "ದೇವರನ್ನ ಬೈಲಾಕತ್ತೀನ್ರಿ, ಪ್ರಾರ್ಥನಾ ಅಲ್ಲ" ಎಂದೊಮ್ಮೆ ಹೇಳಿದೆ.

"ಬೈ. ಅವನ ಮುಂದ ಬೈದ್ರ ಏನೂ ಆಗಂಗಿಲ್ಲ. ಉಳದದ್ದು ಇಬ್ಬರದೂ ನಾ ಮಾಡ್ತೀನಿ" ಎಂದರು. ದಿನಾ ಬೆಳಿಗ್ಗೆ ಅವರು ಮೊಣಕಾಲೂರಿ ಮೊದಲು ತಮ್ಮದು, ಆಮೇಲೆ ನನ್ನದು ಎಂದು ಎರಡು ಸಲ ಪ್ರಾರ್ಥಿಸುತ್ತಿದ್ದರು. ನಾನು ಮಂಚದ ಮೇಲೆ ಮಲಗಿ, ನನ್ನ ಹೆಸರಿನಲ್ಲಿ ಅವರು ಏನೇನು ಬೇಡುತ್ತಾರೆ ಎಂದು ಕೇಳುತ್ತಿದ್ದೆ. ನಾನು ಬದುಕಿದ್ದರಲ್ಲಿ ಆ ಎರಡನೆಯ ಪ್ರಾರ್ಥನೆಯದೂ ಪಾಲಿದೆ ಎಂದು ಇಂದಿಗೂ ನಂಬಿದ್ದೇನೆ. ಡಾಕ್ಟರ ಚಾಕುವಿನದೂ ಇದೆ. ಎರಡನ್ನೂ ಯಾಕೆ ನಂಬಬಾರದು ಎಂದು ನನಗೆ ಇವತ್ತಿಗೂ ಯಾರೂ ತಿಳಿಸಿ ಹೇಳಿಲ್ಲ.

ವರ್ಷ ಕಳೆದು ನಾನು ಮತ್ತೆ ಶಾಲೆಗೆ ಹೋಗತೊಡಗಿದ್ದೆ. ಕಲಬುರಗಿಯ ಚರ್ಚಿನಲ್ಲಿ ಸುತ್ತಲಿನ ಊರಿನವರೆಲ್ಲ ಸೇರುವ ದೊಡ್ಡ ಆರಾಧನೆಗೆ ನಮ್ಮಿಬ್ಬರಿಗೂ ಕರೆ ಬಂತು. ಮಧ್ಯದಲ್ಲಿ ಅದೇ ಹಿರಿಯರು ಎದ್ದು, ನನ್ನನ್ನು ಮುಂದೆ ಕರೆದು ನಿಲ್ಲಿಸಿ, ಜನರಿಗೆ ಹೇಳಿದರು: "ಈ ತಂಗಿಗಿ ಸಾಯೋ ಬ್ಯಾನಿ ಇತ್ತು. ನಾವು ಪ್ರಾರ್ಥನಾ ಮಾಡಿದ್ವಿ. ಎಣ್ಣಿ ಹಚ್ಚಿದ್ವಿ. ಈಗ ನೋಡ್ರಿ, ಹ್ಯಾಂಗ ನಿಂತಾಳ! ಸಾಕ್ಷಿ ಹೇಳು ತಂಗಿ."

ಜನ ಸ್ತೋತ್ರ, ಸ್ತೋತ್ರ ಎಂದರು. ಚಾಕು ಹಾಕಿಸಿಕೊಂಡರೆ ಅವಿಶ್ವಾಸಿ ಎಂದವರೇ ಈಗ ನಾನು ಬದುಕಿದ್ದನ್ನು ತಮ್ಮ ಜೇಬಿಗೆ ಇಳಿಸಿಕೊಳ್ಳುತ್ತಿದ್ದರು! ನನ್ನ ಗಂಡ ಮುಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದರು. ಈ ಸಲ ಸೆರಗು ಜಗ್ಗಲು ಅವರು ಹತ್ತಿರವಿರಲಿಲ್ಲ.

"ಸಾಕ್ಷಿ ಹೇಳ್ತೀನ್ರಿ. ಖರೇದೇ ಹೇಳ್ತೀನಿ. ಇವರ ಎಣ್ಣಿ ನಾ ಮುಟ್ಟಿಲ್ಲ. ಡಾಕ್ಟರು ನನ್ನ ಎದಿ ಕೊಯ್ದು ತೆಗದಾರ. ನನ್ನ ಗಂಡ ಗಾಯ ತೊಳದಾರ, ಪ್ರಾರ್ಥನಾನೂ ಅವರೇ ಮಾಡ್ಯಾರ. ಅಕ್ಕತಂಗೇರ, ನಿಮಗೇನರ ಗಂಟು ಸಿಕ್ಕರ ಪ್ರಾರ್ಥನಾ ಮಾಡ್ರಿ, ಮಾಡಿ ಜಲ್ದಿ ದವಾಖಾನಿಗಿ ಹೋಗ್ರಿ."

ಚರ್ಚಿನಲ್ಲಿ ಎದೆ ಎಂಬ ಮಾತು ಎತ್ತಿದ್ದಕ್ಕೆ ಗಂಡಸರು ತಲೆ ತಗ್ಗಿಸಿದರು. ಹಿರಿಯರು ಗಡಬಡಿಸಿ ಹಾಡು ಶುರುಮಾಡಿಸಿದರು.

ಮುಂದಿನ ತಿಂಗಳು ನನ್ನ ಗಂಡನನ್ನು ಉಪದೇಶಿಯ ಕೆಲಸದಿಂದ ತೆಗೆದರು. ಹೆಂಡತಿಯನ್ನು ಹದ್ದುಬಸ್ತಿನಲ್ಲಿ ಇಡಲಾರದವನು ಸಭೆಯನ್ನು ಹೇಗೆ ನಡೆಸುತ್ತಾನೆ ಎಂಬುದು ಕಾರಣ. ಅವರು ಬೇರೆಯವರ ಬಾಳೆತೋಟದಲ್ಲಿ ಕೆಲಸಕ್ಕೆ ನಿಂತರು. ನನ್ನ ಮೇಲೆ ಒಂದು ಮಾತು ಎತ್ತಲಿಲ್ಲ. ಭಾನುವಾರ ನಮ್ಮ ಪಡಸಾಲೆಯಲ್ಲಿ ಕೂತು ಪ್ರಾರ್ಥಿಸುತ್ತಿದ್ದೆವು. ನಾಲ್ಕಾರು ಮನೆಯವರು ಅಲ್ಲಿಗೇ ಬರುತ್ತಿದ್ದರು.

ಕೆಲವು ದಿನಗಳಾದ ಮೇಲೆ ಕಲಬುರಗಿಯಿಂದ ಮನೆ ಕಟ್ಟುವ ಒಬ್ಬ ಗೌಂಡಿಯ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಚರ್ಚಿನಲ್ಲಿ ನನ್ನ ಮಾತು ಕೇಳಿದ್ದವಳು. ಒಳಗೆ ಕರೆದುಕೊಂಡು ಹೋಗಿ ಕದ ಹಾಕಿದೆ. ಕುಪ್ಪಸ ಬಿಚ್ಚಿದಳು. ಗಂಟು ಒಡೆದು ಹುಣ್ಣಾಗಿತ್ತು. ಅದರ ಮೇಲೆ ಎಣ್ಣೆ ಮಿರಮಿರ ಮಿಂಚುತ್ತಿತ್ತು.

"ನಿಮ್ಮ ಮಾತು ಕೇಳಿದಾಗೇ ಹೋಗಬೇಕಾಗಿತ್ರಿ ಅಕ್ಕ. ಹಿರೇರು ಬ್ಯಾಡ ಅಂದ್ರು. ನಿಮ್ಮ ಮಾತು ಸೈತಾನಂದು ಅಂದ್ರು."

ಅವಳನ್ನು ದವಾಖಾನೆಗೆ ನಾವೇ ಕರೆದೊಯ್ದೆವು. ಕೊಯ್ಯುವ ಹೊತ್ತು ದಾಟಿಹೋಗಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಸತ್ತಳು.

ಅವಳನ್ನು ಹೂಳುವ ದಿನ ಮಣ್ಣಿಗೆ ಹೋದಾಗ ಹಿರಿಯರು ಕೋಟು ಹಾಕಿಕೊಂಡು ಕುಣಿಯ ತಲೆಯ ಕಡೆ ನಿಂತಿದ್ದರು. ಪ್ರಾರ್ಥನೆಗೆ ಕೈ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ, ಹಿರಿಯರಿಗೆ ಎಂದೂ ಎದುರಾಡದ ನನ್ನ ಗಂಡ ಜನರನ್ನು ಸರಿಸಿ ಮುಂದೆ ಹೋದರು.

"ನೀವು ಇಲ್ಲಿ ಬಾಯಿ ತೆರೀಬ್ಯಾಡ್ರಿ. ಇಕೀಗಿ ನಾ ಪ್ರಾರ್ಥನಾ ಮಾಡ್ತೀನಿ."

ಹಿರಿಯರು ಗೌಂಡಿಯ ಮುಖ ನೋಡಿದರು. ಗೌಂಡಿ ನನ್ನ ಗಂಡನ ಪಕ್ಕಕ್ಕೆ ಬಂದು ನಿಂತ. ಪ್ರಾರ್ಥನೆ ನಡೆಯಿತು, ಮಣ್ಣು ಹಾಕಿದೆವು. ಹಿರಿಯರು ಅದಾದ ಮೇಲೂ ಬಹಳ ವರ್ಷ ಹಿರಿಯರಾಗಿಯೇ ಉಳಿದರು. ಕಮಲಾಪುರಕ್ಕೆ ಮರಳುವಾಗ ಮೋಟಾರಿನಲ್ಲಿ ನನ್ನ ಗಂಡನ ಕೈ ಹಿಡಿದುಕೊಂಡೆ.