ಖಂಡೇನವಮಿಗೆ ಉಜ್ಜಿದ ಬಂದೂಕು

ಹೈದರಾಬಾದಿನ ಅಂಚಿನ ಹೊಲಗಳಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಆ ದಿನಗಳಲ್ಲಿ, ಹೊಲ ಮಾರಿ ದುಡ್ಡು ಕಂಡವರಿಗೆ ಹೊಸ ಮನೆಯ ಗೋಡೆಗೊಂದು ಹಳೆಯ ಬೇಟೆ ಬಂದೂಕು ಬೇಕಿತ್ತು. ಬಂದೂಕು ಇದ್ದವರಿಗೆ ದುಡ್ಡು ಬೇಕಿತ್ತು. ಇಬ್ಬರ ನಡುವೆ ಕೂತು ನ್ಯಾಯದ ಬೆಲೆ ಕಟ್ಟುತ್ತಿದ್ದವರು ನಮ್ಮಪ್ಪ, ಹಿಮಾಯತ್‌ನಗರದ ಒಂದು ಬಂದೂಕಿನಂಗಡಿಯಲ್ಲಿ.

ನಾರಾಯಣಗೂಡದ ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಓಡುತ್ತಿದ್ದೆ. ಒಳಗೆ ಬಂದೂಕಿನ ಎಣ್ಣೆಯ ವಾಸನೆ, ಪಕ್ಕದ ಬೇಕರಿಯಿಂದ ಉಸ್ಮಾನಿಯಾ ಬಿಸ್ಕತ್ತಿನ ವಾಸನೆ. ಅಪ್ಪ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವರು, ಬಿಡಿಭಾಗಗಳ ನಂಬರು ತಾಳೆ ಹಾಕುವರು, ಚೀಟಿಯಲ್ಲಿ ಬೆಲೆ ಬರೆದು ಮಡಚಿಡುವರು. ಆಮೇಲೆಯೇ, “ಈಗ ಹೇಳ್ರಿ, ಯಾಕ ಮಾರಾಕತ್ತೀರಿ?”

“ಮೊದಲ ಯಾಕ ಕೇಳಂಗಿಲ್ಲಪ್ಪಾ?” ಎಂದಿದ್ದೆ ಒಮ್ಮೆ.

“ಕಥಿ ಕೇಳಿದ್ರ ಕೈ ನಡಗತೈತಿ, ಅವ್ವೀ. ಬೆಲಿ ಬಂದೂಕಿಂದು, ಕಣ್ಣೀರಿಂದಲ್ಲ.”

ದಸರೆಯ ಹೊತ್ತಿಗೆ ಗುಲ್ಬರ್ಗಾ ಕಡೆಯ ಸಕೀನಾಬೀ ತೀರಿಹೋದ ಗಂಡನ ಬಂದೂಕು ತಂದರು. ಅಪ್ಪನ ಚೀಟಿಯಲ್ಲಿ ಎಂಬತ್ತು ಸಾವಿರ ಇತ್ತು. “ಮೊಮ್ಮಗಳ ಕಂಪ್ಯೂಟರ್ ಕೋರ್ಸಿಗೆ ಸಾಕಾತ್ರಿ!” ಎಂದು ಆಕೆ ಕಣ್ಣೊರೆಸಿಕೊಂಡರು. ಹಬ್ಬ ಮುಗಿದ ಮೇಲೆ ಕೊಳ್ಳುವವರು ಬರುವುದಿತ್ತು.

ಖಂಡೇನವಮಿಗೆ ಆಯುಧಗಳನ್ನೆಲ್ಲ ತಿಕ್ಕಿ ತೊಳೆದು ಪೂಜೆಗಿಡುವುದು ನಮ್ಮ ಮನೆಯಂತೆ ಅಂಗಡಿಯಲ್ಲೂ ಪದ್ಧತಿ. ಅಪ್ಪ ಹೂ ತರಲು ಹೋಗಿದ್ದರು. ಸುತ್ತಿಗೆ, ಇಕ್ಕಳ ಎಲ್ಲ ಫಳಫಳ ಹೊಳೆಯುತ್ತಿದ್ದರೆ ಪೂಜೆಯ ಹಲಗೆಯ ಮೇಲೆ ಆ ಬಂದೂಕೊಂದೇ ಕರ್ರಗೆ ಬಿದ್ದಿತ್ತು. ಹಬ್ಬದ ದಿನ ಇದೆಂಥ ಕೊಳಕು ಎನಿಸಿತು. ಅವ್ವ ಹಿತ್ತಾಳೆ ತಂಬಿಗೆ ತಿಕ್ಕುವಂತೆ ಮನೆಯಿಂದ ತಂದ ಹುಣಸೆಹಣ್ಣು, ಬೂದಿ ಹಾಕಿ ನಳಿಗೆ ಬೆಳ್ಳಗಾಗುವ ತನಕ ಉಜ್ಜಿದೆ. ಜಾಣೆ ಅಂದುಕೊಂಡಿದ್ದೆ, ಹುಚ್ಚಿ ನಾನು.

ಹಿಂದಿರುಗಿದ ಅಪ್ಪನ ಕೈಯಲ್ಲಿ ಚೆಂಡುಹೂ ಹಾಗೇ ಉಳಿಯಿತು. “ವರ್ಷಗಟ್ಟಲೆ ಕೂತ ಆ ಕಪ್ಪು ಬಣ್ಣಕ್ಕ ಬೆಲಿ ಇತ್ತವ್ವೀ,” ಎಂದರು, ಅಷ್ಟೇ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹಬ್ಬ ಕಳೆದು ಬಂದ ಸಕೀನಾಬೀಯ ಮುಖ ಅರಳಿತು. “ನಮ್ಮ ಮದುವ್ಯಾಗ ಹಿಂಗ ಹೊಳೀತಿತ್ತು ನೋಡ್ರಿ!”

ಅಪ್ಪ ಹಳೆಯ ಚೀಟಿ ಹರಿದು ಹೊಸದು ಬರೆದರು. ಕಥೆ ಕೇಳಿಯಾಗಿತ್ತು, ಕೈ ನಡುಗಿತು. ಮೂವತ್ತು ಸಾವಿರ. “ತಪ್ಪು ನಂದ್ರಿ ಅಮ್ಮಾ. ನಾನ ಉಜ್ಜೀನಿ. ಉಳದದ್ದು ಸಂಬಳದಾಗ ತೀರಸ್ತೀನಿ.”

“ಬಂದೂಕಿನ ಬೆಲಿ ಎಷ್ಟೈತಿ ಅಷ್ಟ ಕೊಡ್ರಿ. ಭಿಕ್ಷಾ ಬ್ಯಾಡ್ರಿ.”

ನಾನು ಕಪಾಟಿನ ಹಿಂದೆ ನಿಂತಿದ್ದೆ. ಉಜ್ಜಿದ್ದು ನಾನು ಎಂದು ಹೊರಗೆ ಬರಲಿಲ್ಲ. ಬೆಲೆ ಕಟ್ಟುವವರೇ ಬೆಲೆ ಕೆಡಿಸಿದರಂತೆ ಎಂಬ ಮಾತು ಊರಾಡಿತು. ಅಪ್ಪನ ಚೀಟಿಗಾಗಿ ಬರುವವರು ಕಡಿಮೆಯಾದರು. ಅಪ್ಪ ಕೊನೆಯವರೆಗೂ ನನ್ನ ಹೆಸರೆತ್ತಲಿಲ್ಲ.

ಈಗ ಅಪ್ಪ ಇಲ್ಲ, ಆ ಅಂಗಡಿಯೂ ಇಲ್ಲ. ಹೋದ ವರ್ಷ ಅದೇ ಬೀದಿಯಲ್ಲಿ ಸೀರೆ ಕೊಳ್ಳಲು ಹೋದೆ. ಸೀರೆ ಬಿಡಿಸಿ ತೋರಿಸುತ್ತಿದ್ದ ಹೆಂಗಸಿನ ಕನ್ನಡ ಕೇಳಿ ಊರು, ಮನೆತನ ವಿಚಾರಿಸಿದರೆ, ಸಕೀನಾಬೀಯ ಮೊಮ್ಮಗಳು! ಕಂಪ್ಯೂಟರ್ ಕಲಿತಿರಾ ಎಂದು ಕೇಳದಿರಲಾಗಲಿಲ್ಲ.

“ಎಲ್ಲಿದು ಬಿಡ್ರಿ. ಅಜ್ಜಿ ಬಂದೂಕು ಮಾರಿ ಕಲಸೋಳಿದ್ಲು. ಬೆಲಿ ಕಟ್ಟೋ ಮನಷ್ಯಾನ ಉಜ್ಜಿ ಕೆಡಿಸಿದ್ನಂತ.”

ಸೀರೆಗೆ ಚೌಕಾಸಿ ಮಾಡಲಿಲ್ಲ. ಕೇಳಿದಷ್ಟು ಕೊಟ್ಟೆ. ಉಜ್ಜಿದ್ದು ಅವರಲ್ಲ ಎಂದು ಮಾತ್ರ ಈ ಸಲವೂ ಹೇಳದೆ ಬಂದೆ.