ದೇವರ ಜಗಲಿಯ ಮೀನು

ನನ್ನನ್ನು ಮದುವೆ ಮಾಡಿ ಜಕ್ಕಲಿಗೆ ಕಳಿಸುವಾಗ ಅಣ್ಣ ಒಂದು ಕಲ್ಲು ಕೊಟ್ಟ. ಅಂಗೈಯಗಲದ ಕಂದು ಕಲ್ಲು. ಅದರಲ್ಲಿ ನಡುಬೆರಳಿನಷ್ಟು ಉದ್ದದ ಒಂದು ಮೀನಿನ ಅಚ್ಚು. ಬೆನ್ನಿಗೆ ಮುಳ್ಳು, ಹೊಟ್ಟೆಯ ಕೆಳಗೆ ಸಾಲಾಗಿ ಮುಳ್ಳು. ಆಗಿನ್ನೂ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಅಣ್ಣ ಧಾರವಾಡದ ಕಾಲೇಜಿನಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಓದುತ್ತಿದ್ದ. ವಿಲಾಯಿತಿಯಿಂದ ಬಂದ ಆ ಕಲ್ಲಿನ ಮೂಲೆ ಒಡೆದಿತ್ತೆಂದು ಗುರುಗಳು ಅದನ್ನು ಅವನಿಗೇ ಕೊಟ್ಟಿದ್ದರು. ಮೀನಿನ ಹೆಸರು ಕ್ಲೈಮೇಶಿಯಸ್. ನನ್ನ ನಾಲಿಗೆ ಅದಕ್ಕೆ ಹೊರಳಲೇ ಇಲ್ಲ.

"ಇದು ಇದ್ದಾಗ ಭೂಮಿ ಮ್ಯಾಲ ಒಂದು ಹೂವಿರಲಿಲ್ಲ, ಒಂದು ಹಕ್ಕಿ ಇರಲಿಲ್ಲ" ಎಂದಿದ್ದ ಅಣ್ಣ.

ತಂಗಿಗೆ ಸೀರೆ ಕೊಡುವುದು ಬಿಟ್ಟು ಕಲ್ಲು ಕೊಟ್ಟನಲ್ಲ ಎಂದು ಅವ್ವ ಬೈದಳು. ನನಗೆ ಮಾತ್ರ ಸೀರೆಗಿಂತ ಅದೇ ಹೆಚ್ಚೆನಿಸಿತು. ನರಗುಂದದಾಚೆ, ಮಲಪ್ರಭೆಯ ದಂಡೆಯಲ್ಲಿ ಹುಟ್ಟಿ ಬೆಳೆದವಳು ನಾನು. ಹೊಳೆಯಿಲ್ಲದ ಊರಿಗೆ ಹೋಗುವಾಗ ಒಂದು ಮೀನಾದರೂ ಜೊತೆಗಿರಲಿ ಎಂದುಕೊಂಡೆ.

ಜಕ್ಕಲಿಯಲ್ಲಿ ಎತ್ತ ನೋಡಿದರೂ ಎರೆಭೂಮಿ. ಮಧ್ಯಾಹ್ನ ಕೆಲಸ ಮುಗಿಸಿ, ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಾಳಿಗೆ ಹತ್ತುತ್ತಿದ್ದೆ. ಮುಂಗಾರಿನ ಗಾಳಿಗೆ ಎಳೆಯ ಸಜ್ಜೆ ನರೇಗಲ್ಲಿನ ದಿಕ್ಕಿಗೆ ಹೊರಳಿ ಹೊರಳಿ ಹೋಗುವುದು. ನೋಡುತ್ತ ಕೂತರೆ ಹೊಲಗಳೆಲ್ಲ ನೀರಾಗುವವು. ನನ್ನ ಮೀನು ಕಲ್ಲು ಬಿಟ್ಟು ಏಳುವುದು, ಮುಳ್ಳು ನಿಗುರಿಸಿಕೊಂಡು ಬೇವಿನ ಮರದ ತುದಿಯನ್ನು ಒಂದು ಸುತ್ತು ಬಳಸಿ, ಗಜೇಂದ್ರಗಡದ ಗುಡ್ಡದ ಕಡೆ ಈಸುತ್ತ ಹೋಗುವುದು. ಅದರ ಹಿಂದೆ ನಾನು. ಕೆಳಗಿನಿಂದ ಅತ್ತೆ ಕೂಗಿದೊಡನೆ ಹೊಲ ಮತ್ತೆ ಹೊಲ, ನಾನು ಮತ್ತೆ ಸೊಸೆ.

ಅತ್ತೆಯೆಂದರೆ ನನಗೆ ಭಯ. ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆ ಅದು. ಹಾಗಾಗಿ ಕಲ್ಲು ನನ್ನ ಪೆಟ್ಟಿಗೆಯ ತಳದಲ್ಲಿರುತ್ತಿತ್ತು. ಮಳೆ ಬಿಡುವು ಕೊಟ್ಟ ಒಂದು ದಿನ, ಬಟ್ಟೆಗೆ ಬಿಸಿಲು ಕಾಣಿಸಬೇಕೆಂದು ಅತ್ತೆ ಪೆಟ್ಟಿಗೆ ತೆಗೆದರು.

"ಏನ ಹುಡುಗಿ, ತವರಿಂದ ನಾಗಪ್ಪನ್ನ ತಂದೀ, ತಂದು ಕುಪ್ಪಸದ ಬುಡಕ ಇಟ್ಟೀ! ಉಸುರು ಕಟ್ಟಂಗಿಲ್ಲೇನ ಅವಗ?"

ಉದ್ದನೆಯ ಮೈ, ಮೈತುಂಬ ಸಣ್ಣ ಹುರುಪೆ. ಪಂಚಮಿ ಬೇರೆ ಹತ್ತಿರ ಬಂದಿತ್ತು. ಅವರ ಕಣ್ಣಿಗೆ ಅದು ಇನ್ನೇನಾಗಿ ಕಂಡೀತು? ನನ್ನ ಬಾಯಲ್ಲಿ ಬಿಸಿ ತುತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಷ್ಟರಲ್ಲಿ ಅವರು ಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ದೇವರ ಜಗಲಿಯ ಮೇಲೆ ಕೂಡಿಸಿಯೇಬಿಟ್ಟರು. ಮೇಲೊಂದು ಕಣಗಿಲ ಹೂ. ಹೂವನ್ನೇ ಕಾಣದೆ ಹೋದ ಮೀನಿಗೆ ಅಂದಿನಿಂದ ದಿನಾ ಒಂದು ಹೂ ಏರತೊಡಗಿತು. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಗೊತ್ತಾದ ದಿನ ಕಲ್ಲು ಬಾವಿ ಸೇರುತ್ತದೆ, ಜಗಲಿಗೆ ಮೀನು ಹತ್ತಿಸಿದ ಸೊಸೆಯೆಂದು ನಾನು ಊರ ಬಾಯಿಗೆ ಬೀಳುತ್ತೇನೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಕಲ್ಲೊಂದೇ.

ಮೊದಲ ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣ ಮುಂಚೆಯೇ ಬರಬೇಕಿತ್ತು. ಬೆಣ್ಣಿಹಳ್ಳ ತುಂಬಿ ಹರಿದು ದಾರಿ ಕಟ್ಟಿತು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಅವನು ಬಾಗಿಲಿಗೆ ಬಂದಾಗ ನಾಗಪ್ಪನಿಗೆ ಹಾಲೆರೆಯುವ ಹೊತ್ತೇ ಆಗಿತ್ತು. ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತ ನಮ್ಮ ಕಡೆ ಪಾಲು ಹೇಳುತ್ತಾರೆ: ದೇವರ ಪಾಲು, ಗುರುವಿನ ಪಾಲು, ಆಮೇಲೆ ಮನೆಯ ಒಬ್ಬೊಬ್ಬರ ಪಾಲು. ಯಾರ ಪಾಲನ್ನು ಹೇಳಿದರೋ ಅವರು ಆ ಮನೆಯವರು. ಮಣ್ಣಿನ ನಾಗಪ್ಪನ ಪಕ್ಕದಲ್ಲಿ ನನ್ನ ಕಲ್ಲನ್ನೂ ಇಟ್ಟುಕೊಂಡು ಅತ್ತೆ ಕೂತಿದ್ದರು.

"ಬಾರಪಾ ತಮ್ಮಾ, ಚಲೋ ಹೊತ್ತಿಗೆ ಬಂದಿ. ನಿಮ್ಮ ಮನಿ ನಾಗಪ್ಪಗ ನೀನ ಮೊದಲ ಎರಿ."

ಅಣ್ಣ ಕಲ್ಲನ್ನು ನೋಡಿದ. ಬಾಗಿಲ ಮರೆಯಿಂದ ನಾನು ಕಣ್ಣಲ್ಲೇ ಬೇಡಿಕೊಂಡೆ. ಆದರೆ ನಮ್ಮಣ್ಣನಿಗೆ ವಿದ್ಯೆ ಹತ್ತಿತ್ತು, ಸುಳ್ಳು ಹತ್ತಿರಲಿಲ್ಲ.

"ಅವ್ವಾರ, ಅದು ನಾಗಪ್ಪ ಅಲ್ರಿ. ಮೀನ್ರಿ."

ಎತ್ತಿದ ಬಟ್ಟಲು ಅಲ್ಲೇ ನಿಂತಿತು. ಅತ್ತೆ ನನ್ನ ಕಡೆ ತಿರುಗಿ, "ಖರೇನ?" ಎಂದರು. ತಲೆಯಾಡಿಸಿದೆ. ಅವರು ಬಟ್ಟಲು ಕೆಳಗಿಟ್ಟು, ಕಲ್ಲನ್ನೆತ್ತಿಕೊಂಡು ಹಿತ್ತಲಿಗೆ ನಡೆದರು. ಹಿತ್ತಲಲ್ಲೇ ಬಾವಿ. ಅಣ್ಣನೂ ನಾನೂ ಹಿಂದೆಯೇ ಓಡಿದೆವು. ಅವರು ಬಾವಿಕಟ್ಟೆಯ ಹತ್ತಿರ ನಿಂತು, ಸೆರಗಿನಿಂದ ವಿಭೂತಿ ಒರೆಸಿ, ಕಲ್ಲನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲೀದಪಾ ಇದು?"

"ಸಮುದ್ರದಾಚಿ ದೇಶದ್ದರಿ. ಮನಷ್ಯಾರು ಹುಟ್ಟೂದಕ್ಕ ಎಷ್ಟೋ ಮೊದಲಿಂದು."

"ಇದರ ಮಕ್ಕಳು ಮರಿ?"

"ಯಾರೂ ಇಲ್ರಿ. ಇದರ ಕುಲಾನ ಮುಗದ ಹೋತು."

"ಹಂಗಾರ ಇದರ ಹೆಸರಿಲೆ ಒಂದು ಪಾಲು ಹೇಳೋರು ಯಾರೂ ಇಲ್ಲನು?"

 ಅಣ್ಣನನ್ನು ಕಾಲೇಜಿನಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

ಅತ್ತೆ ಕಲ್ಲಿನೊಡನೆ ಒಳಗೆ ಬಂದರು. ಮತ್ತೆ ಜಗಲಿಗೆ ಏರಿಸಲಿಲ್ಲ, ಅಷ್ಟು ಧೈರ್ಯ ಅವರಿಗೂ ಇರಲಿಲ್ಲ. ನೀರಿನ ಕೊಡಗಳ ಪಕ್ಕದ ಗೂಡಿನಲ್ಲಿ ಇಟ್ಟರು. "ನೀರಿನ ಜೀವ, ನೀರಿನ ಮಗ್ಗಲ ಇರಲಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕೂತು ಹಾಲೆರೆಯತೊಡಗಿದರು. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು, ತಮ್ಮ ಗಂಡನ ಪಾಲು, ಮಗನ ಪಾಲು. ದನಕರುಗಳ ಪಾಲೂ ಬಂತು. ನನ್ನದು ಬರಲಿಲ್ಲ.  ಅಣ್ಣನ ಮೇಲೆ, ಅವನ ಕಾಲೇಜಿನ ಮೇಲೆ, ಆ ಮೀನಿನ ಮೇಲೂ ಸಿಟ್ಟು ಬಂತು.

ಬಟ್ಟಲಿನ ತಳದಲ್ಲಿ ಸ್ವಲ್ಪ ಹಾಲು ಉಳಿದಿತ್ತು. ಅತ್ತೆ ನನ್ನ ಕಡೆ ನೋಡಲಿಲ್ಲ. ಬಟ್ಟಲನ್ನು ಮೆಲ್ಲಗೆ ಬಗ್ಗಿಸಿದರು.

"ತನ್ನವರ್ನೆಲ್ಲಾ ಬಿಟ್ಟು ನಮ್ಮ ಮನಿಗೆ ಬಂದ ಮೀನಿನ ಪಾಲು" ಎಂದರು. "ಹಂಗ ಬಂದ ನಮ್ಮ ಸೊಸಿ ಪಾಲು."