ಬೋರ್‌ವೆಲ್ ಪೈಪಿನ ಕಮಾನು

ಸತು ಸುಟ್ಟದ್ದು ಮೂಗಿಗಿಂತ ಮೊದಲು ನಾಲಿಗೆಗೆ ತಿಳಿಯುತ್ತದೆ. ಸಿಹಿಯೂ ಅಲ್ಲ, ಕಹಿಯೂ ಅಲ್ಲ, ಹಳೇ ನಾಣ್ಯ ಚೀಪಿದಂಥ ರುಚಿ. ಹೋದ ವಾರ ಹುಣಸೂರಿನ ನನ್ನ ವೆಲ್ಡಿಂಗ್ ಅಂಗಡಿಗೆ ಕೊಟ್ಟಿಗೆಯ ಗೇಟೊಂದು ಬಂತು. ಬೋರ್‌ವೆಲ್‌ನಿಂದ ಮೇಲೆತ್ತಿದ ಹಳೆಯ ಸತು ಲೇಪದ ಪೈಪಿನಲ್ಲಿ ಮಾಡಿದ್ದು. ನಮ್ಮ ಕಡೆ ಆ ಪೈಪಿಗೆ ಸಾವಿಲ್ಲ. ಭೂಮಿಯಿಂದ ಹೊರಬಿದ್ದ ಮೇಲೆ ಅದು ಗೇಟಾಗುತ್ತದೆ, ಹಸು ಕಟ್ಟುವ ಕಂಬವಾಗುತ್ತದೆ, ಮದುವೆಯ ಚಪ್ಪರ ಹೊರುತ್ತದೆ, ಶಾಲೆಯ ಬಯಲಲ್ಲಿ ವಾಲಿಬಾಲ್ ನೆಟ್ಟು ಹಿಡಿದು ನಿಲ್ಲುತ್ತದೆ. ವೆಲ್ಡಿಂಗ್ ಕಡ್ಡಿ ತಾಗಿಸಿದ ಕೂಡಲೇ ಬಿಳಿ ಹೊಗೆ ಎದ್ದಿತು. ನನ್ನ ಎಡಭುಜ ತಾನಾಗಿಯೇ ಕಿವಿಯವರೆಗೆ ಏರಿತು, ಏಟು ತಡೆಯುವವನ ಭುಜದ ಹಾಗೆ. ಡ್ರಿಲ್ ಮೇಷ್ಟ್ರು ನೆನಪಾದರು.

ನೆನಪಾದರು ಎನ್ನುವುದೂ ಸರಿಯಲ್ಲ. ನೆನಪು ಮನಸ್ಸಿನ ಕೆಲಸ. ಇದು ಭುಜದ ಕೆಲಸ.

ಅವರು ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸುತ್ತಿದ್ದರು. ಕೊರಳಲ್ಲಿ ವಿಷಲ್, ಕೈಯಲ್ಲಿ ಹುಣಸೆ ಬರಲು. ಬರಲು ಮುರಿದರೆ ಅಂಗೈ. ನನಗೆ ಎಡಗಿವಿ ಕೇಳುವುದಿಲ್ಲ. ಸಾಲು ತಪ್ಪಿ ನಿಂತೆನೆಂದು ಅವರು ಕೊಟ್ಟ ಏಟಿಗೆ ಹೋಯಿತು ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ದೃಶ್ಯ ಸ್ಪಷ್ಟವಾಗಿದೆ: ಬಿಸಿಲು, ಧ್ವಜದ ಕಂಬದ ನೆರಳು, ಅಂಗೈ, ಆಮೇಲೆ ಉದ್ದನೆಯ ಒಂದು ಕೀ ಎನ್ನುವ ಸದ್ದು... ಅನುಮಾನ ಹುಟ್ಟಿಸುವಷ್ಟು ಸ್ಪಷ್ಟ. ಬದುಕಿದ್ದಷ್ಟು ದಿನ ನನ್ನ ಅವ್ವ ಬೇರೆಯೇ ಹೇಳುತ್ತಿದ್ದಳು. “ಮೇಷ್ಟ್ರುನ್ನ ಯಾಕ್ಲಾ ಬೈದೀಯೆ? ನಿನ್ ಕಿವಿ ತೊಟ್ಲಲ್ಲಿದ್ದಾಗ್ಲೇ ಸೋರ್ತಿತ್ತು ಕಣ್ಲಾ.” ಅವಳ ಮಾತು ನಿಜವಿರಬಹುದು. ಆದರೆ ತೊಟ್ಟಿಲಿನ ಮೇಲೆ ಯಾರು ಸಿಟ್ಟು ಮಾಡಿಕೊಳ್ಳುತ್ತಾರೆ? ಸಿಟ್ಟಿಗೆ ಒಂದು ಅಂಗೈ ಬೇಕಿತ್ತು.

ನಿವೃತ್ತಿಯಾಗಿ ಹಾರನಹಳ್ಳಿಯ ತಮ್ಮ ಜಮೀನಿಗೆ ಹೋಗಿ ಕುಳಿತ ಮೇಲೆ ಮೇಷ್ಟ್ರಿಗೆ ಜೀಪಿನ ಹುಚ್ಚು ಹಿಡಿಯಿತು. ಅವರಿಗೆ ಹೆದರುವವರು ಯಾರೂ ಉಳಿದಿರಲಿಲ್ಲ, ಅದಕ್ಕೇ ಇರಬೇಕು ಎಂದು ನಾನು ಅಂದುಕೊಂಡಿದ್ದೆ. ಹೊಸ ಅಗ್ರಹಾರದ ಕಡೆ ಕೊಯ್ಲಾದ ಗದ್ದೆಗೆ ನೀರು ಕಟ್ಟಿ ಜೀಪು ಓಡಿಸುವುದು, ಎಚ್.ಡಿ. ಕೋಟೆ ದಾರಿಯ ಪಾಳು ಕ್ವಾರಿಯಲ್ಲಿ ಬಂಡೆ ಹತ್ತಿಸುವುದು, ಇದೆಲ್ಲ ಹುಡುಗರ ಆಟ. ಇವರು ಕೊಪ್ಪದಲ್ಲಿ, ಯಾವುದೋ ಕಾಫಿ ತೋಟದಲ್ಲಿ ದುಡಿದು ಸವೆದ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಹಳೇ ಜೀಪೊಂದನ್ನು ಕೊಂಡು, ನೇರವಾಗಿ ನನ್ನ ಅಂಗಡಿಗೆ ತಂದು ನಿಲ್ಲಿಸಿದರು. ಕೊರಳಲ್ಲಿ ಅದೇ ವಿಷಲ್. ನನ್ನ ಗುರುತು ಅವರಿಗೆ ಹತ್ತಲಿಲ್ಲ. “ಏಯ್ ವೆಲ್ಡಿಂಗು” ಎಂದು ಕರೆದರು. ಕೊನೆಯವರೆಗೂ ಹಾಗೆಯೇ ಕರೆದರು.

ನಾನು ಕೆಲಸ ಒಪ್ಪಿಕೊಂಡದ್ದು ಒಂದೇ ಆಸೆಗೆ. ಹೌದು, ನಿನಗೆ ಹೊಡೆದದ್ದು ನಾನೇ ಎಂದು ಅವರ ಬಾಯಿಂದ ಒಮ್ಮೆ ಕೇಳಬೇಕಿತ್ತು. ಕ್ಷಮೆ ಬೇಡ. ಹೌದು ಅಂದರೆ ಸಾಕು. ನನ್ನ ಕಿವಿಗೆ ಒಂದು ಕಾರಣ ಖಾಯಂ ಆಗುತ್ತಿತ್ತು.

ಜೀಪನ್ನು ಬಂಡೆಗೆ ಸಿದ್ಧ ಮಾಡಬೇಕಾದರೆ ಮೊದಲು ಅದನ್ನು ಹಾಳು ಮಾಡಬೇಕು. ದೊಡ್ಡ ಟೈರಿಗೆ ಜಾಗ ಬೇಕೆಂದು ಮುಂದಿನ ಮಡ್‌ಗಾರ್ಡುಗಳನ್ನು ಗ್ಯಾಸಿನಲ್ಲಿ ಕೊಯ್ದೆವು. ಬಂಪರ್ ಕಿತ್ತು ಆ ಜಾಗಕ್ಕೆ ದಪ್ಪ ಕಬ್ಬಿಣ ಬೆಸೆದು, ಸಿಕ್ಕಿಬಿದ್ದಾಗ ಉಕ್ಕಿನ ಹಗ್ಗದಿಂದ ತನ್ನನ್ನು ತಾನೇ ಎಳೆದುಕೊಳ್ಳಲು ವಿಂಚು ಕೂರಿಸಿದೆವು. ಸ್ಪ್ರಿಂಗ್ ಪಟ್ಟಿಗಳನ್ನು ಬಿಚ್ಚಿ ಲಾರಿಯ ಪಟ್ಟಿ ಹಾಕಿ ಮೈಯನ್ನು ಎತ್ತರಿಸಿದೆವು. ಹೊಳೆ ದಾಟುವಾಗ ಇಂಜಿನ್ನು ನೀರು ಕುಡಿಯದಿರಲೆಂದು ಬಾನೆಟ್ಟಿನ ಪಕ್ಕೆಗೆ ತೂತು ಕೊರೆದು ಉಸಿರಿನ ಕೊಳವೆಯನ್ನು ತಲೆಯೆತ್ತರಕ್ಕೆ ಎಳೆದೆವು. ತುಕ್ಕು ಹಿಡಿದ ಬೋಲ್ಟು ಬರದಿದ್ದರೆ ನಾವು ಡೀಸೆಲ್ ಸುರಿದು ಕಾಯುತ್ತೇವೆ. ಮೇಷ್ಟ್ರು ಕಾಯುವವರಲ್ಲ. ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, “ಬತ್ತೀಯೋ ಇಲ್ವೋ? ಬತ್ತೀಯೋ ಇಲ್ವೋ?” ಎಂದು ಬಾರಿಸುತ್ತಿದ್ದರು, ಉಸಿರು ಕಟ್ಟುವವರೆಗೆ. ಒಮ್ಮೆ ಬೋಲ್ಟಿನ ತಲೆ ಹಾರಿ ನನ್ನ ಹುಬ್ಬು ಸೀಳಿತು. ಅವರು ಬಗ್ಗಿ ನೋಡಿ, “ರಕ್ತ ಅಷ್ಟೇಯ, ಒರಸ್ಕೊ” ಎಂದರು. ಇದೇ ಮಾತನ್ನು ಶಾಲೆಯಲ್ಲೂ ಕೇಳಿದ್ದೆ. ಅಥವಾ ಅಂಗಡಿಯಲ್ಲಿ ಕೇಳಿದ್ದನ್ನು ಆಮೇಲೆ ನಾನೇ ಶಾಲೆಗೆ ಒಯ್ದು ಇಟ್ಟೆನೋ...

ಜೀಪು ಉರುಳಿದರೆ ಕುಳಿತವರ ತಲೆ ಉಳಿಯಲೆಂದು ಸೀಟಿನ ಹಿಂದೊಂದು ಮುಂದೊಂದು ಪೈಪಿನ ಕಮಾನು ನಿಲ್ಲಿಸುತ್ತಾರೆ. ಅದರ ಅಳತೆಗೆಂದು ಮೇಷ್ಟ್ರನ್ನು ಸೀಟಿನಲ್ಲಿ ಕೂರಿಸಿ, ತಲೆಯ ಮೇಲೆ ಟೇಪು ಹಿಡಿದಿದ್ದಾಗ ಕೇಳಿಯೇಬಿಟ್ಟೆ. ನಾನೂ ನಿಮ್ಮ ಹುಡುಗನೇ ಸಾರ್, ನನಗೆ ಹೊಡೆದದ್ದು ಗ್ಯಾಪಕ ಇದೆಯೇ ಎಂದೆ. ಅವರು ತಲೆ ಎತ್ತಲೂ ಇಲ್ಲ.

“ಹೊಡ್ದಿರ್ತೀನಿ ಬುಡು. ಯಾರ್ಗ್ ಹೊಡ್ದಿಲ್ಲ ಕೇಳು, ಬೇಕಾದ್ರೆ ಯೋಚ್ನೆ ಮಾಡಿ ಯೋಳ್ತೀನಿ.”

ಎಷ್ಟೋ ವರ್ಷ ಕಾದಿದ್ದ ಉತ್ತರ ಸಿಕ್ಕಿತ್ತು. ಆದರೆ ಅದರಲ್ಲಿ ನಾನು ಇರಲಿಲ್ಲ.

ಹಿಂದಿನ ಕಮಾನಿಗೆ ನಾನು ಮೈಸೂರಿನಿಂದ ಬೆಸುಗೆಯ ಹೊಲಿಗೆಯಿಲ್ಲದ ದಪ್ಪ ಪೈಪು ತರಿಸಿದೆ. ಮುಂದಿನದಕ್ಕೂ ಅದೇ ಬೇಕು ಅಂದಾಗ ಮೇಷ್ಟ್ರು ತಮ್ಮ ಜಮೀನಿನಿಂದ ಎರಡು ತುಂಡು ಬೋರ್‌ವೆಲ್ ಪೈಪು ಹೊತ್ತು ತಂದರು. ಬೋರಿಗೆ ಪ್ಲಾಸ್ಟಿಕ್ ಪೈಪು ಇಳಿಸಿದ್ದರಿಂದ ಇವು ಬಿದ್ದುಕೊಂಡಿದ್ದವಂತೆ. ಒಂದು ತುಂಡು ಕಮಾನಿಗೆ ಸಾಲದು. ಎರಡನ್ನು ಜೋಡಿಸಬೇಕು, ಜೋಡಣೆಯಲ್ಲಿ ಬೋಲ್ಟಿನಂತೆ ತಿರುಗಿಸಿ ಕೂಡಿಸಲು ಮರೆ, ಅಂದರೆ ಸುತ್ತುಗೀರು, ಕೊರೆದಿರುತ್ತದೆ, ಮರೆ ಕೊರೆದಲ್ಲಿ ಪೈಪಿನ ದಪ್ಪ ಅರ್ಧಕ್ಕರ್ಧ ಹೋಗಿರುತ್ತದೆ. ನೀರು ಹೊರುತ್ತದೆ, ಜೀಪು ಹೊರುವುದಿಲ್ಲ ಎಂದೆ.

“ಭೂಮಿ ಒಳಗೆ ಅಷ್ಟುದ್ದ ನಿಂತು ಬಂದಿರೋ ಪೈಪು ಕಣ್ಲಾ ಇದು. ಕೋಟೆ ಕಲ್ಲಿಗೆ ಬಗ್ತದಾ?”

ಬಗ್ಗುತ್ತದೆ ಎಂದೆ. ಅವರ ಬಲಗೈ ಮೇಲೆದ್ದಿತು. ಹೊಡೆಯಲಿಲ್ಲ, ಎದ್ದಿತು ಅಷ್ಟೆ. ಮೀಸೆ ನರೆಯುತ್ತಿದ್ದ ನಾನು ತಲೆ ತಗ್ಗಿಸಿ ಎಡಭುಜ ಎತ್ತಿದ್ದೆ. ಅಂಗಡಿಗೆ ಟ್ರ್ಯಾಕ್ಟರಿನ ಕೊಕ್ಕೆ ರಿಪೇರಿಗೆ ಬಂದಿದ್ದ ಗೆಳೆಯನೊಬ್ಬ ಅದನ್ನು ನೋಡಿ ಪಕ್ಕನೆ ನಕ್ಕ. ಆ ನಗೆ ಇನ್ನೂ ಕೇಳಿಸುತ್ತದೆ. ಮರಳು ತುಂಬಿ, ಕಾಯಿಸಿ, ಆ ಪೈಪನ್ನು ಬಗ್ಗಿಸಿದೆ. ಸುಟ್ಟ ಸತುವಿನ ಬಿಳಿ ಹೊಗೆಯಲ್ಲಿ ಬೆಸೆದೆ. ಸಂಜೆಗೆ ಹಲ್ಲು ಕಟಕಟ ಎನ್ನುವ ಚಳಿಜ್ವರ ಬಂತು. ಸತುವಿನ ಹೊಗೆ ಕುಡಿದರೆ ಬರುವಂಥದ್ದು. ನಾವು ವೆಲ್ಡಿಂಗಿನವರು ಅದಕ್ಕೆ ಮಾಡುವಂತೆ ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ಮಲಗಿದೆ. ಬೇಡ ಎಂದು ಇನ್ನೂ ಗಟ್ಟಿಯಾಗಿ ಹೇಳಿದ್ದೆನೇ? ಹೇಳಿದ್ದೆ ಎಂದೇ ನೆನಪು. ಹೇಳದಿದ್ದರೂ ಹಾಗೆಯೇ ನೆನಪಿರುತ್ತಿತ್ತು.

ಕ್ವಾರಿಗೆ ಹೋದ ದಿನ ಬಿಸಿಲು ಬಂಡೆಯಿಂದ ಪುಟಿದು ಕಣ್ಣಿಗೆ ಹೊಡೆಯುತ್ತಿತ್ತು. ಬಂಡೆ ಹತ್ತಿಸುವುದಕ್ಕೆ ಒಂದು ಕಟ್ಟಳೆಯಿದೆ. ಗಾಡಿಯಲ್ಲಿ ಕುಳಿತವನಿಗೆ ಚಕ್ರದ ಕೆಳಗಿನ ಕಲ್ಲು ಕಾಣುವುದಿಲ್ಲ. ಆದ್ದರಿಂದ ಒಬ್ಬ ಮೇಲೆ ನಿಂತು ಕೈ ತೋರಿಸುತ್ತಾನೆ. ಕುಳಿತವನು ಕಲ್ಲು ಮರೆತು ಆ ಕೈಯನ್ನು ಮಾತ್ರ ನೋಡುತ್ತ, ಲೋ ಗೇರಿನಲ್ಲಿ ಇರುವೆಯಂತೆ ಏರಬೇಕು. ಮೇಷ್ಟ್ರಿಗೆ ಕೈ ತೋರಿಸಬೇಕಾಗಿದ್ದವನು ನಾನು.

ಅವರ ಸರದಿ ಬರುವ ಮೊದಲು, ಅಲ್ಲಿ ಜೀಪು ತಂದು ನೆರೆದಿದ್ದವರಲ್ಲಿ ಕಪ್ಪು ಕನ್ನಡಕದ ಒಬ್ಬ ಹುಡುಗ ನಮ್ಮ ಜೀಪಿನ ಸುತ್ತ ಒಂದು ಸುತ್ತು ಹಾಕಿ ಮುಂದಿನ ಕಮಾನನ್ನು ಬೆರಳಿನಿಂದ ಟಣ್ ಎನಿಸಿದ.

“ಏನ್ ತಾತಾ, ಕೊಟ್ಟಿಗೆ ಗೇಟ್ ಸಮೇತ ಬಂದ್‌ಬುಟ್ಟಿದ್ದೀರಾ? ಹಸ ಎಲ್ ಕಟ್ಟಿದ್ದೀರಾ?”

ಸುತ್ತಲಿದ್ದವರು ನಕ್ಕರು. ನಗು ಮುಗಿಯುವ ಮೊದಲೇ ಮೇಷ್ಟ್ರ ಏಟು ಬಿದ್ದಿತ್ತು. ಕನ್ನಡಕ ಹಾರಿ ಕಲ್ಲಿಗೆ ಬಡಿದು ಒಡೆಯಿತು. ಹುಡುಗ ಕಿವಿ ಹಿಡಿದುಕೊಂಡು ಕುಕ್ಕರಿಸಿದ. ಆ ಏಟಿನ ಸದ್ದನ್ನು ನಾನು ಬಲಗಿವಿಯಲ್ಲಿ ಕೇಳಿದೆ, ಆದರೆ ಕೀ ಎಂದದ್ದು ಎಡಗಿವಿ... ಅಂಥದ್ದು ಸಾಧ್ಯವಿಲ್ಲ ಎಂದು ನನಗೆ ಗೊತ್ತು. ಹುಡುಗನ ಕಡೆಯವರು ಕಲ್ಲು ಎತ್ತಿಕೊಂಡು ಬಂದರು. ಅಂಗಡಿಯಲ್ಲಿ ನಕ್ಕಿದ್ದ ಗೆಳೆಯ, ಸಿಕ್ಕಿಬಿದ್ದ ಜೀಪು ಎಳೆಯಲೆಂದು ತಂದಿದ್ದ ತನ್ನ ಟ್ರ್ಯಾಕ್ಟರನ್ನು ಅಡ್ಡ ನಿಲ್ಲಿಸಿದ. ಆ ಗದ್ದಲದಲ್ಲಿ ಮೇಷ್ಟ್ರು ಜೀಪು ಹತ್ತಿ, ಬೆಲ್ಟು ಬಿಗಿದುಕೊಂಡು, ತಮ್ಮ ವಿಷಲನ್ನು ತಾವೇ ಊದಿ ಹೊರಟುಬಿಟ್ಟರು. ನಾನು ಬಂಡೆಯ ಮೇಲೆ ಎರಡೂ ಕೈ ಎತ್ತಿ ನಿಲ್ಲಿಸಿ, ನಿಲ್ಲಿಸಿ ಎಂದು ತೋರಿಸುತ್ತಿದ್ದೆ. ಅವರು ನನ್ನ ಕೈ ನೋಡಲಿಲ್ಲ. ಜೀವಮಾನವಿಡೀ ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿದ ಮನುಷ್ಯ, ಇನ್ನೊಬ್ಬನ ಕೈ ಹೇಗೆ ನೋಡಬೇಕು?

ಜೀಪು ಬಂಡೆಗೆ ಹಾರಿತು. ಮುಂದಿನ ಚಕ್ರಗಳು ಆಕಾಶಕ್ಕೆ ಎದ್ದವು. ಒಂದು ಕ್ಷಣ ಅದು ಹಿಂಗಾಲಿನ ಮೇಲೆ ನಿಂತ ಹೋರಿಯಂತೆ ನಿಂತು, ಪಕ್ಕಕ್ಕೆ ಉರುಳಿ, ಕವುಚಿ, ಬಂಡೆಯನ್ನು ಕೆರೆಯುತ್ತ ಕೆಳಗೆ ಜಾರಿತು. ಹಿಂದಿನ ಕಮಾನು ತಡೆದುಕೊಂಡಿತು. ಮುಂದಿನದು ಮರೆಯ ಜಾಗದಲ್ಲಿ ಕಬ್ಬಿನ ಜಲ್ಲೆಯಂತೆ ಮುರಿಯಿತು. ಗಾಜಿನ ಚೌಕಟ್ಟು ಮಡಚಿ ಮೇಷ್ಟ್ರ ಕೈ ಮೇಲೆ ಕೂತಿತು. ಮುರಿದದ್ದು ಬಲಗೈ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಮುರಿದದ್ದು ಎಡಗೈ.

ನಾನು ತೆವಳಿಕೊಂಡು ಒಳಗೆ ನುಗ್ಗಿದೆ. ಮೇಷ್ಟ್ರು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರು. ಮೂಗಿನ ರಕ್ತ ಹಣೆಯ ಕಡೆಗೆ ಹರಿದು ನರೆಗೂದಲಲ್ಲಿ ಇಳಿಯುತ್ತಿತ್ತು. ಬಿಸಿ ಇಂಜಿನ್ನಿನ ಮೇಲೆ ಡೀಸೆಲ್ ಚಿರ್ ಎನ್ನುತ್ತಿತ್ತು. ಅವರ ಭಾರಕ್ಕೆ ಬೆಲ್ಟಿನ ಕೊಂಡಿ ಬಿಚ್ಚಿಕೊಳ್ಳಲಿಲ್ಲ. ಟೈರು ಕೊಯ್ಯುವ ಚಾಕುವಿನಿಂದ ಬೆಲ್ಟು ಹರಿಯುತ್ತಿದ್ದಾಗ ಅವರ ಬಾಯಿ ನನ್ನ ಎಡಗಿವಿಗೆ ಅಂಟಿಕೊಂಡಂತಿತ್ತು. ಅವರು ಏನೋ ಹೇಳಿದರು. ತುಟಿ ಆಡಿದ್ದು ತಿಳಿಯಿತು. ಉಸಿರಿನ ಬಿಸಿ ತಾಗಿತು, ಎಂಜಲು ತಾಗಿತು. ಮಾತು ತಾಗಲಿಲ್ಲ. ತಲೆ ತಿರುಗಿಸಿ ಬಲಗಿವಿ ಕೊಡುವಷ್ಟರಲ್ಲಿ ಬೆಲ್ಟು ಹರಿದು ಅವರು ನನ್ನ ಮೇಲೆ ಬಿದ್ದರು, ಪ್ರಜ್ಞೆ ಇರಲಿಲ್ಲ.

ಆಚೆ ಕಡೆಯಿಂದ ತೆವಳಿ ಬಂದು ಅವರ ಕಾಲು ಹಿಡಿದೆಳೆದವನು ಏಟು ತಿಂದಿದ್ದ ಆ ಹುಡುಗನೇ. ಏನೆಂದರು ಎಂದು ಅವನನ್ನು ಕೇಳಿದೆ.

“ಬ್ಯಾಗ ಬೆಲ್ಟ್ ಕುಯ್ಯೋ ಬೋಳಿಮಗ್ನೆ ಅಂದ್ರು, ಇನ್ನೇನಂತಾರೆ?”

ಟ್ರ್ಯಾಕ್ಟರಿನ ಗೆಳೆಯ ಹೊರಗೆ ಬಗ್ಗಿ ನಿಂತಿದ್ದ. ಅವನ ಪ್ರಕಾರ ಅವರು ಅಂದದ್ದು ಬೇರೆ. “ಇಲ್ಲ ಕಣ್ಲಾ, ನಿನ್ ಎಸ್ರು ಇಡ್ದು ಕರುದ್ರು.” ಅಂಗಡಿಯಲ್ಲಿ ಒಮ್ಮೆಯೂ ಕರೆಯದ ನನ್ನ ಹೆಸರು! ಅದು ನಿಜವಾದರೆ ಅವರಿಗೆ ಎಲ್ಲ ನೆನಪಿತ್ತು. ಗೆಳೆಯ ನನ್ನನ್ನು ಸಮಾಧಾನ ಮಾಡಲು ಹೇಳಿರಲೂಬಹುದು. ತಲೆಕೆಳಗಾಗಿ ನೇತಾಡುವ ಮನುಷ್ಯ ಬೆಲ್ಟು ಕೊಯ್ಯಿ ಎನ್ನುತ್ತಾನೆ. ನಾನಾದರೂ ಅದನ್ನೇ ಅನ್ನುತ್ತಿದ್ದೆ.

ಮೇಷ್ಟ್ರು ಕೈಗೆ ಕಟ್ಟು ಹಾಕಿಸಿಕೊಂಡು ಊರಿಗೆ ಬಂದ ಮೇಲೆ ನಾನು ಹಾರನಹಳ್ಳಿಗೆ ಹೋದೆ. ಜಗಲಿಯಲ್ಲಿ ಕೂತಿದ್ದ ಅವರು, ನಾನು ಬಾಯಿ ತೆರೆಯುವ ಮೊದಲೇ ಎಗರಿದರು. “ಜೀಪು ಬಂಡೆ ಹತ್ತಿತ್ತು ಕಣ್ಲಾ! ಕೈ ತಪ್ಪು ತೋರ್ಸಿ ಬೀಳಿಸ್‌ದೋನು ನೀನು!” ಅವರ ಕಣ್ಣಲ್ಲಿ ನೀರಿತ್ತು, ಅಥವಾ ಬಿಸಿಲಿತ್ತು. ಅವರು ನಂಬಿಯೇ ಹೇಳುತ್ತಿದ್ದರು. ಮೇಷ್ಟ್ರು ನನಗೆ ಹೊಡೆದರೆಂದು ನಾನು ನಂಬಿದಷ್ಟೇ ಗಟ್ಟಿಯಾಗಿ. ಕೇಳಬೇಕೆಂದು ಹೋದದ್ದನ್ನು ಕೇಳದೆ ವಾಪಸು ಬಂದೆ. ಮುಂದಿನ ಮಳೆಗಾಲದಲ್ಲಿ ಮೇಷ್ಟ್ರು ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡರಂತೆ. ಕೊರಳಲ್ಲಿ ವಿಷಲ್ ಇತ್ತಂತೆ. ಊದಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಹೋದ ವಾರದ ಗೇಟನ್ನು ಆಟೋದಲ್ಲಿ ಹೇರಿಸಿಕೊಂಡು ಬಂದವರು ಮೇಷ್ಟ್ರ ಹೆಂಡತಿ. ಜೀಪನ್ನು ಗುಜರಿಗೆ ಕೊಟ್ಟು ಪೈಪುಗಳನ್ನು ಮಾತ್ರ ಉಳಿಸಿಕೊಂಡು ಈ ಗೇಟು ಮಾಡಿಸಿದ್ದರು. ಹಸು ಗುದ್ದಿ ಗೇಟಿನ ಮೇಲಿನ ಅಡ್ಡಪೈಪು ಕಿತ್ತುಬಂದಿತ್ತು. ಆ ಪೈಪಿನ ಒಂದು ತುದಿಯಲ್ಲಿ, ಎಷ್ಟು ಬಡಿದರೂ ನೆಟ್ಟಗಾಗದ ಒಂದು ಬಾಗು ಉಳಿದಿತ್ತು. ನಾನು ಬಗ್ಗಿಸಿದ ಬಾಗು.

ಬೆಸುಗೆ ಮುಗಿಸಿ ಎದ್ದಾಗ ಅವರು ಏನೋ ಕೇಳಿದರು. ಕೇಳಿಸಲಿಲ್ಲವೆಂದು ನಾನು ಬಲಗಿವಿ ಮುಂದೆ ಮಾಡಿದೆ. ನಾನು ಏನೆಂದೆನೆಂದು ಕೇಳಲು ಅವರೂ ತಲೆ ತಿರುಗಿಸಿ ಬಲಗಿವಿ ಮುಂದೆ ಮಾಡಿದರು. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ, ಬೇರೆ ಬೇರೆ ಗೋಡೆ ನೋಡುತ್ತ ಇಬ್ಬರೂ ನಿಂತಿದ್ದೆವು.

“ಬೆಲ್ಟ್ ಕುಯ್ವಾಗ ನಿನ್ ಕಿವೀಲಿ ಏನೋ ಅಂದ್ರಂತಲ್ಲ. ಏನಂದ್ರಪ್ಪಾ?”

“ಕೇಳಿಸ್ನಿಲ್ಲ ಕಣ್ರಮ್ಮ. ಆ ಕಿವಿ ಕೇಳಲ್ಲ ನಂಗೆ.”

ಅವರು ನನ್ನ ಕಡೆ ತಿರುಗಿದರು. ನನ್ನ ಎಡಗಿವಿಯನ್ನು, ಮಗುವಿನದನ್ನು ನೋಡುವಂತೆ ನೋಡಿದರು. ಆಮೇಲೆ ಸೆರಗನ್ನು ತಮ್ಮ ಎಡಗಿವಿಯ ಮೇಲೆ ಎಳೆದುಕೊಂಡರು.

“ನಂದೂ ಅದೇ ಕಿವಿ ಕಣಪ್ಪ. ಯಾವತ್ತಾದ್ರೂ ಒಂದ್ ಒಳ್ಳೇ ಮಾತ್ ಆಡಿದ್ರೂ, ಆ ಕಡೀಕೇ ಆಡಿರ್ತಾರೆ ಬುಡು.”

ಆಟೋ ಪಿರಿಯಾಪಟ್ಟಣದ ರಸ್ತೆಗೆ ತಿರುಗಿತು. ವಯಸ್ಸಾದವರಿಗೆ ಕಿವಿ ಮಂದವಾಗುವುದು ಉಂಟು, ಅದಕ್ಕೆ ಯಾರೂ ಹೊಡೆದಿರಬೇಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೌದೆನ್ನಬೇಕಾದವರು ಇಲ್ಲ. ಅಲ್ಲ ಎನ್ನಲಿಕ್ಕೂ ಅವರೇ ಬೇಕಿತ್ತು. ಸತುವಿನ ಹೊಗೆ ಇನ್ನೂ ತೊಲೆಯ ಕೆಳಗೆ ತೇಲುತ್ತಿತ್ತು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಕುಳಿತೆ. ನನ್ನ ಎಡಭುಜ ಕಿವಿಯ ಹತ್ತಿರವೇ ಇತ್ತು. ಹೊಡೆಯುವವರು ಹೋದರೆಂದು ಅದಕ್ಕೆ ಇನ್ನೂ ಯಾರೂ ಹೇಳಿಲ್ಲ.